ದೊಡ್ಡಪ್ಪನ ಸಿಡಿ ತೆರೆದವರು ಯಾರು?

ದೊಡ್ಡಪ್ಪನ ಮನೆಯ ಕಬ್ಬಿಣದ ಬೀರುವಿನಲ್ಲಿ ಪಹಣಿ ಇದೆ, ಸೊಸೈಟಿಯ ಪಾಸ್‌ಬುಕ್ ಇದೆ, ಮಗಳ ಮದುವೆಯ ಆಲ್ಬಂ ಇದೆ. ಎಲ್ಲದರ ಅಡಿಯಲ್ಲಿ ಒಂದು ಸಿಡಿಯೂ ಇತ್ತು. ಮೂರು ವರ್ಷದ ಹಿಂದೆ ತೋಟದ ಸಂಕದಿಂದ ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡಾಗ ಪೇಟೆಯ ಆಸ್ಪತ್ರೆಯಲ್ಲಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದ್ದರು. ಆಗ ಫಿಲ್ಮಿನ ಜೊತೆ ಕೊಟ್ಟ ಸಿಡಿ ಅದು. ಯಾರೂ ಒಮ್ಮೆಯೂ ಅದನ್ನು ತೆರೆದು ನೋಡಿರಲಿಲ್ಲ.

ಈ ಮಳೆಗಾಲ ದೊಡ್ಡಪ್ಪನಿಗೆ ಕೆಮ್ಮು ಹಿಡಿಯಿತು. ತಿಂಗಳಾದರೂ ಬಿಡಲಿಲ್ಲ. ಮೊದಲೇ ಬೀಡಿ ಸೇದುವ ಮನುಷ್ಯ. ಎಕ್ಸ್-ರೇ ಆಯಿತು, ಆಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಹೊಸ ಸ್ಕ್ಯಾನ್ ಆಯಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿಲಿಮೀಟರಿನ ಒಂದು ಗಂಟು ಇದೆ ಎಂದು ರಿಪೋರ್ಟ್ ಬಂತು. ಒಂದು ಕಡಲೆಕಾಳಿನಷ್ಟು.

ತಾಲ್ಲೂಕಿನ ಡಾಕ್ಟರು ರಿಪೋರ್ಟ್ ಓದಿ ಕೇಳಿದ್ದು ಒಂದೇ ಪ್ರಶ್ನೆ. “ಹಳೇ ಸ್ಕ್ಯಾನ್ ಏನಾದ್ರೂ ಇದೆಯಾ ಯಜಮಾನ್ರೇ? ಆಗ್ಲೂ ಇದು ಇಷ್ಟೇ ಇತ್ತು ಅಂದ್ರೆ ಹೆದರೋ ಕಾರಣ ಇಲ್ಲ. ಆಗ ಇರ್ಲಿಲ್ಲ, ಈಗ ಬಂದಿದೆ ಅಂದ್ರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸೋ ವಿಚಾರ ಮಾಡ್ಬೇಕಾಗುತ್ತೆ.”

ಮನೆಯಲ್ಲಿ ಹುಡುಕಾಟ ಶುರುವಾಯಿತು. ಫಿಲ್ಮುಗಳು ಅಟ್ಟದ ಮೇಲಿದ್ದವು. ಮೂರು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದರೆ ಚಿತ್ರವೇ ಕಿತ್ತು ಬರುತ್ತಿತ್ತು. ಹಳೆಯ ಆಸ್ಪತ್ರೆಗೆ ಫೋನ್ ಮಾಡಿದರೆ “ಅಷ್ಟು ಹಳೇದು ನಮ್ಮಲ್ಲಿ ಸಿಗಲ್ಲ, ಸಿಡಿ ಕೊಟ್ಟಿರ್ತೀವಲ್ಲ” ಎಂಬ ಉತ್ತರ. ಸಿಡಿ ಹಿಡಿದು ಹೋದರೆ ಡಾಕ್ಟರ ಹೊಸ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಹಾಕಿಸಿದರು. ಪರದೆಯ ಮೇಲೆ ಏನೋ ಇಂಗ್ಲಿಷ್ ಸಾಲು ಬಂತು, ಮುಂದೆ ಹೋಗಲಿಲ್ಲ. “ಸಿಡಿ ಹಾಳಾಗಿದೆ” ಎಂದು ತೀರ್ಪು ಕೊಟ್ಟರು.

ಅಂದು ಸಂಜೆ ಫೋನ್ ಬಂದದ್ದು ನಮಗೆ. ನಾವು ಮೂವರು ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಓದಿದವರು. ದೊಡ್ಡಪ್ಪ ನಮ್ಮಲ್ಲೊಬ್ಬರಿಗೆ ರಕ್ತಸಂಬಂಧ, ಉಳಿದಿಬ್ಬರಿಗೆ ಊಟ ಹಾಕಿದ ಸಂಬಂಧ. ಕಂಪ್ಯೂಟರ್ ನಮ್ಮ ವಿದ್ಯೆಯಲ್ಲ. ಆದರೆ ಊರಿನಲ್ಲಿ ಯಾರಾದರೂ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದರೆ ಅವರಿಗೆ ಎಲ್ಲವೂ ಗೊತ್ತು ಎಂಬ ನಂಬಿಕೆ ಇದೆಯಲ್ಲ, ಆ ನಂಬಿಕೆಯಿಂದ ಕರೆದಿದ್ದರು.

ನಮ್ಮ ಲ್ಯಾಪ್‌ಟಾಪ್ ಹತ್ತು ವರ್ಷ ಹಳೆಯದು, ಸೆಕೆಂಡ್ ಹ್ಯಾಂಡ್. ಹಳೆಯದಾದ್ದರಿಂದಲೇ ಅದರಲ್ಲಿ ಸಿಡಿ ಹಾಕುವ ಜಾಗ ಇದೆ. ಹಳೆಯದಾದ್ದರಿಂದಲೇ ಅದರಲ್ಲಿ ವಿಂಡೋಸ್ ತೆವಳುತ್ತಿತ್ತು, ಹಾಗಾಗಿ ಹಾಸ್ಟೆಲಿನ ಸೀನಿಯರ್ ಒಬ್ಬರು ಡೆಬಿಯನ್ ಲಿನಕ್ಸ್ ಹಾಕಿಕೊಟ್ಟಿದ್ದರು. ಲಿನಕ್ಸ್ ಎಂದರೆ ಹೊಸದೇನೋ ಅಂದುಕೊಳ್ಳಬೇಡಿ. ನೀವು ಇದನ್ನು ಓದುತ್ತಿರುವ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿ ಇರುವುದೂ ಅದೇ. ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಬರಹವನ್ನು ಓದಿ ತಿದ್ದಬಹುದಾದ ತಂತ್ರಾಂಶ ಅದು.

ದೊಡ್ಡಪ್ಪನ ಜಗುಲಿಯಲ್ಲಿ ಕುಳಿತು ಸಿಡಿ ಹಾಕಿದೆವು. ಸಿಡಿ ಹಾಳಾಗಿರಲಿಲ್ಲ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಫೈಲುಗಳಿದ್ದವು, ಜೊತೆಗೆ ಅವನ್ನು ತೋರಿಸಲೆಂದು ಒಂದು ವಿಂಡೋಸ್ ಪ್ರೋಗ್ರಾಮ್ ಇತ್ತು. ಕೆಟ್ಟಿದ್ದು ಆ ಪ್ರೋಗ್ರಾಮ್ ಮಾತ್ರ. ಹಳೆಯ ಕಾಲದ ವಿಂಡೋಸಿಗೆ ಬರೆದದ್ದು, ಹೊಸದರಲ್ಲಿ ನಡೆಯಲಿಲ್ಲ. ಬೀಗ ತುಕ್ಕು ಹಿಡಿದಿತ್ತು, ಪೆಟ್ಟಿಗೆಯೊಳಗಿನ ಭತ್ತ ಚೆನ್ನಾಗಿಯೇ ಇತ್ತು.

ಹೀಗೆ ಸ್ಕ್ಯಾನ್ ಚಿತ್ರಗಳನ್ನು ಇಡುವ ಕ್ರಮಕ್ಕೆ ಡೈಕಾಮ್ ಎನ್ನುತ್ತಾರೆ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ ಮತ್ತು ಯಂತ್ರ ತಯಾರಕರ ಸಂಘ ಸೇರಿ 1985ರಲ್ಲಿ ಮೊದಲ ರೂಪ ಕೊಟ್ಟರು, 1993ರಿಂದ ಅದಕ್ಕೆ ಡೈಕಾಮ್ ಎಂಬ ಹೆಸರು. ಯಾವ ಕಂಪನಿಯ ಯಂತ್ರದಲ್ಲಿ ತೆಗೆದ ಚಿತ್ರವಾದರೂ ಬೇರೆ ಕಡೆ ತೆರೆಯುವಂತಿರಬೇಕು ಎಂಬುದೇ ಅದರ ಉದ್ದೇಶ. ಕ್ರಮ ಬಹಿರಂಗವಾಗಿರುವುದರಿಂದ ಅದನ್ನು ಓದುವ ಪ್ರೋಗ್ರಾಮನ್ನು ಯಾರು ಬೇಕಾದರೂ ಬರೆಯಬಹುದು. ಜರ್ಮನಿಯ ಓಲ್ಡೆನ್‌ಬುರ್ಗ್ ಎಂಬ ಊರಿನ ಓಫಿಸ್ ಎಂಬ ಸಂಶೋಧನಾ ಸಂಸ್ಥೆಯವರು ಬರೆದೂ ಇದ್ದಾರೆ. ಅದರ ಹೆಸರು ಡಿಸಿಎಂಟಿಕೆ.

ಇದೆಲ್ಲ ನಮಗೆ ಆ ಸಂಜೆ ಗೊತ್ತಿರಲಿಲ್ಲ. ಸೀನಿಯರ್‌ಗೆ ಫೋನ್ ಮಾಡಿದೆವು. ಅವರು ಒಂದು ಸಾಲು ಟೈಪ್ ಮಾಡಲು ಹೇಳಿದರು. ಆಪ್ಟ್, ಇನ್‌ಸ್ಟಾಲ್, ಡಿಸಿಎಂಟಿಕೆ. ಇಷ್ಟೇ. ಮೊಬೈಲ್ ಹಾಟ್‌ಸ್ಪಾಟಿನ ಸಿಗ್ನಲ್ ಸಿಗಲೆಂದು ಅಂಗಳದ ತುಳಸಿಕಟ್ಟೆಯ ಮೇಲೆ ಫೋನ್ ಇಟ್ಟು ಕಾದೆವು. ಕೆಲವೇ ನಿಮಿಷದಲ್ಲಿ ಪ್ರೋಗ್ರಾಮ್ ಬಂದು ಕುಳಿತಿತು. ಹಣ ಕೇಳಲಿಲ್ಲ, ಮೊಬೈಲ್ ನಂಬರ್ ಕೇಳಲಿಲ್ಲ, ಜಾಹೀರಾತು ತೋರಿಸಲಿಲ್ಲ. ಅವರು ಹೇಳಿದ ಇನ್ನೊಂದು ಸಾಲು ಬರೆದೆವು. ಪರದೆಯ ಮೇಲೆ ಬಿಳಿ ಪಕ್ಕೆಲುಬು, ಕಪ್ಪು ಶ್ವಾಸಕೋಶ.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. “ಇದು ನಾನೇನ್ರೋ?” ಎಂದರು. ಫೈಲಿನ ಒಳಗೇ ಅವರ ಹೆಸರು, ವಯಸ್ಸು, ಸ್ಕ್ಯಾನ್ ತೆಗೆದ ದಿನಾಂಕ ಎಲ್ಲ ಬರೆದಿತ್ತು. ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು, ಆದರೆ ಅವರೇ.

ಗಂಟು ಇದೆಯೋ ಇಲ್ಲವೋ ಎಂದು ನಾವು ಹುಡುಕಲು ಹೋಗಲಿಲ್ಲ. ಮುನ್ನೂರು ಚಿತ್ರದಲ್ಲಿ ನಮಗೆ ಎಲ್ಲವೂ ಗಂಟಿನಂತೆಯೇ ಕಾಣುತ್ತಿತ್ತು. ಚಿತ್ರದ ಬೆಳಕು ಸ್ವಲ್ಪ ಹೆಚ್ಚುಕಡಿಮೆ ಮಾಡಿದರೆ ಇದ್ದದ್ದು ಮಾಯವಾಗುತ್ತದೆ, ಇಲ್ಲದ್ದು ಕಾಣುತ್ತದೆ. ಅದು ಓದಿದವರ ಕೆಲಸ. ಇಡೀ ಫೋಲ್ಡರನ್ನು ಹಾಗೆಯೇ ಪೆನ್‌ಡ್ರೈವಿಗೆ ಹಾಕಿ ಮರುದಿನ ಡಾಕ್ಟರಿಗೆ ಕೊಟ್ಟೆವು. “ಸ್ಕ್ಯಾನ್ ಓದೋರಿಗೆ ಕಳಿಸ್ತೀನಿ, ಎರಡು ದಿನ ಕೊಡಿ” ಎಂದರು.

ಆ ಎರಡು ದಿನ ದೊಡ್ಡಮ್ಮ ದೇವರಿಗೆ ಹರಕೆ ಹೇಳಿಕೊಂಡರು. ದೊಡ್ಡಪ್ಪ ಬೀಡಿ ಕಟ್ಟನ್ನು ದನದ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿಟ್ಟು, ಮುಟ್ಟದೆ, ಅದರ ಕಡೆಗೇ ನೋಡುತ್ತಿದ್ದರು. ನಮಗೆ ಮಾತ್ರ ದೊಡ್ಡಪ್ಪ ಹೊರಡುವಾಗ ಕೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿದಿತ್ತು. “ಅಲ್ಲಾ, ಇದನ್ನ ಪುಕ್ಕಟೆ ಅಲ್ಲಿ ಇಟ್ಟವರು ಯಾರು?”

ಬರೆದವರು ಓಲ್ಡೆನ್‌ಬುರ್ಗಿನವರು, ಸರಿ. ಆದರೆ ಬರೆದವರೇ ತಂದು ನಮ್ಮ ಲ್ಯಾಪ್‌ಟಾಪಿಗೆ ಇಟ್ಟಿದ್ದಲ್ಲ. ನಡುವೆ ಯಾರೋ ಇದ್ದಾರೆ. ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸಿದ್ದೂ ಅದೇ ತಾನೆ, ‘ಯಾರು’ ಎಂದು ಮೊದಲು ಕೇಳು ಅಂತ. ಎರಡು ದಿನ ಅದನ್ನೇ ಹುಡುಕಿದೆವು.

ಉತ್ತರ ನಮ್ಮ ಲ್ಯಾಪ್‌ಟಾಪಿನಲ್ಲಿಯೇ ಇತ್ತು. ಡೆಬಿಯನ್ನಿನ ಪ್ರತಿ ಪ್ಯಾಕೇಜಿಗೂ ಒಂದು ಚೇಂಜ್‌ಲಾಗ್ ಇರುತ್ತದೆ, ಒಂದು ಬಗೆಯ ದಿನಚರಿ. ಯಾವ ದಿನ, ಯಾರು, ಏನು ತಿದ್ದಿದರು ಎಂಬುದು ಹೆಸರು ಸಮೇತ ಅದರಲ್ಲಿ ದಾಖಲು. ಅದನ್ನು ತೆರೆದು ಕೆಳಗಿನಿಂದ ಮೇಲಕ್ಕೆ ಓದಿದೆವು. ವರ್ಷ ವರ್ಷವೂ ನಮೂದುಗಳು. ಹೊಸ ಆವೃತ್ತಿ ತಂದದ್ದು, ಭದ್ರತೆಯ ತೂತು ಮುಚ್ಚಿದ್ದು, ಯಾರದೋ ದೂರು ಪರಿಹರಿಸಿದ್ದು, ಬರೀ ಒಂದು ಅಕ್ಷರದೋಷ ತಿದ್ದಿದ್ದು. ಅದರ ಹೊಣೆ ಹೊತ್ತಿರುವ ತಂಡದ ಹೆಸರು ಡೆಬಿಯನ್ ಮೆಡ್.

ಡೆಬಿಯನ್ ಶುರುವಾದದ್ದು 1993ರಲ್ಲಿ. ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ಇಟ್ಟ ಹೆಸರದು. ಇದು ಕಂಪನಿಯಲ್ಲ. ಲೋಕದ ಬೇರೆ ಬೇರೆ ಕಡೆಯ ಸ್ವಯಂಸೇವಕರು ಸೇರಿ ನಡೆಸುವುದು, ಮುಖ್ಯಸ್ಥರನ್ನೂ ವರ್ಷಕ್ಕೊಮ್ಮೆ ಮತ ಹಾಕಿ ಆರಿಸುವುದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಸುಮಾರು 70 ಸಾವಿರ ಪ್ಯಾಕೇಜುಗಳಿವೆ. ನಿಮ್ಮ ಫೋನಿನ ಪ್ಲೇ ಸ್ಟೋರ್ ಇದ್ದಂತೆ ಎನ್ನಿ. ಆದರೆ ಪ್ಲೇ ಸ್ಟೋರಿನಲ್ಲಿ ಆ್ಯಪ್ ಮಾಡಿದವರೇ ಅದನ್ನು ತಂದು ಇಡುತ್ತಾರೆ. ಇಲ್ಲಿ ಸಾಮಾನ್ಯವಾಗಿ ಮಾಡಿದವರು ಒಬ್ಬರು, ಪರೀಕ್ಷಿಸಿ ತಂದು ಇಡುವವರು ಇನ್ನೊಬ್ಬರು.

2002ರಲ್ಲಿ ಆಂದ್ರೆಯಾಸ್ ಟಿಲ್ಲೆ ಎಂಬ ಜರ್ಮನ್ ಭೌತವಿಜ್ಞಾನಿ ಒಂದು ಪ್ರಸ್ತಾಪ ಇಟ್ಟರು. ವೈದ್ಯಕೀಯಕ್ಕೆ, ಜೀವವಿಜ್ಞಾನಕ್ಕೆ ಬೇಕಾದ ಮುಕ್ತ ತಂತ್ರಾಂಶಗಳೆಲ್ಲ ಎಲ್ಲೆಲ್ಲೋ ಚದುರಿ ಬಿದ್ದಿವೆ, ಅವನ್ನೆಲ್ಲ ಡೆಬಿಯನ್ನಿಗೆ ತಂದು ಒಂದೆಡೆ ಜೋಡಿಸೋಣ ಎಂದು. ಅದೇ ಡೆಬಿಯನ್ ಮೆಡ್. ಟಿಲ್ಲೆ 2024ರಲ್ಲಿ ಇಡೀ ಡೆಬಿಯನ್ ಯೋಜನೆಯ ಮುಖ್ಯಸ್ಥರಾಗಿಯೂ ಆಯ್ಕೆಯಾದರು. ಈಗ ಅಲ್ಲಿ ಸ್ಕ್ಯಾನ್ ಚಿತ್ರಕ್ಕೊಂದು ಗುಂಪು, ವಂಶವಾಹಿಯ ಅಧ್ಯಯನಕ್ಕೊಂದು ಗುಂಪು, ಡಾಕ್ಟರ ಕ್ಲಿನಿಕ್ಕಿಗೊಂದು ಗುಂಪು, ಹೀಗೆ ಕಟ್ಟು ಕಟ್ಟಿ ಇಟ್ಟಿದ್ದಾರೆ. ಒಂದು ಕಟ್ಟಿನ ಹೆಸರು ಹೇಳಿದರೆ ಆ ಸಾಲಿನದೆಲ್ಲ ಬರುತ್ತದೆ.

‘ಕಟ್ಟಿ ಇಡುವುದು’ ಎಂದರೆ ಏನು ಮಹಾ ಕೆಲಸ ಎಂದು ನಮಗೂ ಅನ್ನಿಸಿತ್ತು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇವೆ. ಮರದಿಂದ ಅಡಿಕೆ ಕೊನೆ ಇಳಿಸಿದ ಕೂಡಲೇ ಮಂಡಿಗೆ ಹೋಗುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು, ಆರಿಸಬೇಕು. ವಿಜ್ಞಾನಿ ಬರೆದ ಪ್ರೋಗ್ರಾಮ್ ಹಸಿ ಕೊನೆಯ ಹಾಗೆ. ಅವರ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಪಕ್ಕದ ಮನೆಯದರಲ್ಲಿ ನಡೆಯುವುದಿಲ್ಲ. ಪ್ರಬಂಧ ಅಚ್ಚಾದ ಮೇಲೆ, ವಿದ್ಯಾರ್ಥಿಗೆ ಪಿಎಚ್‌ಡಿ ಸಿಕ್ಕ ಮೇಲೆ, ಅದನ್ನು ಕೇಳುವವರೇ ಇರುವುದಿಲ್ಲ.

ಪ್ಯಾಕೇಜ್ ಮಾಡುವವರು ಮೊದಲು ನೋಡುವುದು ಲೈಸೆನ್ಸ್. ಬರೆದವರು ‘ಇದನ್ನು ಬಳಸಿ, ಹಂಚಿ, ತಿದ್ದಿ’ ಎಂದು ಬರಹದಲ್ಲಿ ಕೊಟ್ಟಿರಬೇಕು. ಏನೂ ಬರೆಯದೆ ಅಂತರ್ಜಾಲದಲ್ಲಿ ಹಾಕಿದ ಮಾತ್ರಕ್ಕೆ ಅದು ಎಲ್ಲರದೂ ಆಗುವುದಿಲ್ಲ. ಬೇಲಿ ಇಲ್ಲ ಅಂದ ಮಾತ್ರಕ್ಕೆ ತೋಟ ಸಾರ್ವಜನಿಕವಾಗುತ್ತದೆಯೇ? ಕೆಲವು ವಿಜ್ಞಾನಿಗಳು ‘ಶಿಕ್ಷಣ ಸಂಸ್ಥೆಗಳಿಗೆ ಮಾತ್ರ’ ಎಂದು ಬರೆದುಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತಾರೆ. ಆದರೆ ಹಾಗೆ ಬರೆದರೆ ನಮ್ಮ ತಾಲ್ಲೂಕಿನ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಬಳಸುವಂತಿಲ್ಲ, ಏಕೆಂದರೆ ಅವರು ಶಿಕ್ಷಣ ಸಂಸ್ಥೆಯಲ್ಲ. ಯಾವ ಕೆಲಸಕ್ಕೆ ಬಳಸಬೇಕು ಎಂಬ ಕಟ್ಟುಪಾಡು ಇದ್ದರೆ ಡೆಬಿಯನ್ ಅದನ್ನು ತನ್ನ ಮುಖ್ಯ ಭಂಡಾರಕ್ಕೆ ಸೇರಿಸುವುದಿಲ್ಲ.

ಇದಕ್ಕೊಂದು ನಿಜವಾದ ಉದಾಹರಣೆ ಫಿಲಿಪ್ ಎಂಬ ತಂತ್ರಾಂಶ. ಜೀವಿಗಳ ವಂಶವೃಕ್ಷ ಬರೆಯುವುದು ಅದರ ಕೆಲಸ. ಅಮೆರಿಕದ ವಿಜ್ಞಾನಿ ಜೋ ಫೆಲ್ಸೆನ್‌ಸ್ಟೈನ್ 1980ರಿಂದಲೇ ಅದನ್ನು ಹಂಚುತ್ತಾ ಬಂದವರು. ಲೋಕವೆಲ್ಲ ಬಳಸಿತು. ಆದರೆ ಲೈಸೆನ್ಸಿನಲ್ಲಿ ಹಣಕ್ಕೆ ಮಾರಬಾರದು ಎಂಬ ಬಗೆಯ ಷರತ್ತು ಇದ್ದುದರಿಂದ ಡೆಬಿಯನ್ನಿನಲ್ಲಿ ಅದು ವರ್ಷಗಟ್ಟಲೆ ಮುಖ್ಯ ಭಂಡಾರದ ಹೊರಗೇ ಇತ್ತು. ಮುಂದೆ ಲೈಸೆನ್ಸ್ ಬದಲಾಯಿತು, ಫಿಲಿಪ್ ಒಳಗೆ ಬಂತು. ಪ್ರೋಗ್ರಾಮಿನಲ್ಲಿ ಬದಲಾದದ್ದು ಏನೂ ಇಲ್ಲ, ಬದಲಾದದ್ದು ಕೆಲವು ಸಾಲುಗಳ ಕಾಗದ. ಪಹಣಿಯಲ್ಲಿ ಒಂದು ಹೆಸರು ತಿದ್ದಿಸಲು ನಾಡಕಚೇರಿಗೆ ಅಲೆದವರಿಗೆ ಇದರ ಮಹತ್ವ ಹೇಳಬೇಕಾಗಿಲ್ಲ.

ಎರಡನೆಯದು ಅವಲಂಬನೆ. ಒಂದು ಪ್ರೋಗ್ರಾಮ್ ಇನ್ನೊಂದನ್ನು ಕೇಳುತ್ತದೆ, ಅದು ಮತ್ತೆರಡನ್ನು ಕೇಳುತ್ತದೆ. ಅವೆಲ್ಲವನ್ನೂ ಒಂದೊಂದಾಗಿ ಪ್ಯಾಕೇಜ್ ಮಾಡಬೇಕು. ಮೂರನೆಯದು ಯಂತ್ರಗಳು. ಡೆಬಿಯನ್ ಒಂದೇ ಬಗೆಯ ಕಂಪ್ಯೂಟರಿಗಲ್ಲ, ಫೋನಿನಲ್ಲಿ ಇರುವಂಥ ಆರ್ಮ್ ಚಿಪ್ಪಿಗೂ, ದೊಡ್ಡ ಸರ್ವರುಗಳಿಗೂ ಅದು ನಡೆಯಬೇಕು. ವಂಶವಾಹಿ ಓದುವ ಎಷ್ಟೋ ಪ್ರೋಗ್ರಾಮುಗಳನ್ನು ವೇಗಕ್ಕಾಗಿ ಇಂಟೆಲ್ ಚಿಪ್ಪಿಗೆ ಮಾತ್ರ ಒಗ್ಗುವಂತೆ ಬರೆದಿರುತ್ತಾರೆ. ಡೆಬಿಯನ್ ಮೆಡ್ ತಂಡದವರು ಕುಳಿತು ಅವನ್ನು ಉಳಿದ ಚಿಪ್ಪುಗಳಿಗೂ ಒಗ್ಗಿಸಿದ್ದಾರೆ. ಕಡಿಮೆ ಬೆಲೆಯ ಪುಟ್ಟ ಬೋರ್ಡ್ ಕಂಪ್ಯೂಟರಿನಲ್ಲೂ ಆ ಕೆಲಸ ಆಗಲಿ ಎಂಬ ಹಟ.

ನಾಲ್ಕನೆಯದು ಪರೀಕ್ಷೆ. ಗೊತ್ತಿರುವ ಲೆಕ್ಕ ಕೊಟ್ಟರೆ ಗೊತ್ತಿರುವ ಉತ್ತರವೇ ಬರುತ್ತದೆಯೇ ಎಂದು ಯಂತ್ರವೇ ಮತ್ತೆ ಮತ್ತೆ ನೋಡುವಂತೆ ಕಟ್ಟಿರುತ್ತಾರೆ. ಸಿನಿಮಾ ತೋರಿಸುವ ಪ್ರೋಗ್ರಾಮ್ ತಪ್ಪಿದರೆ ಚಿತ್ರ ನಿಲ್ಲುತ್ತದೆ, ನಮಗೆ ಗೊತ್ತಾಗುತ್ತದೆ. ವೈದ್ಯಕೀಯ ಪ್ರೋಗ್ರಾಮ್ ತಪ್ಪಿದರೆ ಎಲ್ಲವೂ ಸರಿ ಇದ್ದಂತೆಯೇ ಕಾಣುತ್ತದೆ, ಉತ್ತರ ಮಾತ್ರ ಬೇರೆ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಹೊಸ ಪ್ಯಾಕೇಜು ಒಂದು ಸರದಿಯಲ್ಲಿ ನಿಲ್ಲುತ್ತದೆ. ಅಲ್ಲಿ ಬೇರೆಯವರು ಲೈಸೆನ್ಸಿನ ಕಾಗದಗಳನ್ನು ಮತ್ತೊಮ್ಮೆ ನೋಡುತ್ತಾರೆ. ಒಪ್ಪಿದರೆ ಒಳಗೆ, ಇಲ್ಲವಾದರೆ ತಿದ್ದಿ ತನ್ನಿ ಎಂದು ವಾಪಸ್.

ಓದುತ್ತಾ ಹೋದಂತೆ ನಮಗೆ ಕಾಲೇಜಿನ ದಿನ ನೆನಪಾಯಿತು. ಇಂಟರ್ನ್‌ಶಿಪ್ಪಿಗೆ ಹೋದ ಪತ್ರಿಕೆಯಲ್ಲಿ ಡೆಸ್ಕಿನ ಹಿರಿಯರೊಬ್ಬರಿದ್ದರು. ವರದಿಗಾರರ ಹೆಸರು ಪುಟದಲ್ಲಿ ಬರುತ್ತಿತ್ತು, ಅವರ ಹೆಸರು ಎಂದೂ ಬರಲಿಲ್ಲ. ಊರಿನ ಹೆಸರು ತಪ್ಪಿದ್ದರೆ ತಿದ್ದುತ್ತಿದ್ದರು, ಅಂಕಿ ಸಂಶಯ ಬಂದರೆ ರಾತ್ರಿ ಹನ್ನೊಂದಕ್ಕೂ ಫೋನ್ ಮಾಡಿ ಕೇಳುತ್ತಿದ್ದರು. ಮರುದಿನ ಪತ್ರಿಕೆ ತಪ್ಪಿಲ್ಲದೆ ಬಂದರೆ ಅವರನ್ನು ಯಾರೂ ನೆನೆಯುತ್ತಿರಲಿಲ್ಲ. ತಪ್ಪು ಬಂದ ದಿನ ಮಾತ್ರ “ಡೆಸ್ಕಲ್ಲಿ ಯಾರಿದ್ರು?” ಎಂಬ ಪ್ರಶ್ನೆ. ಪ್ಯಾಕೇಜ್ ಮಾಡುವವರ ಕೆಲಸವೂ ಇದೇ ಜಾತಿಯದು. ಸರಿಯಾಗಿ ಮಾಡಿದರೆ ಕಾಣುವುದಿಲ್ಲ.

ಮತ್ತೆ ಇದು ಒಮ್ಮೆ ಮಾಡಿ ಮುಗಿಯುವುದಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಡೆಬಿಯನ್ನಿನ ಹೊಸ ಆವೃತ್ತಿ ಬರುತ್ತದೆ. ಪ್ರತಿ ಸಲವೂ ಹಳೆಯ ಪ್ರೋಗ್ರಾಮ್ ಹೊಸದರಲ್ಲಿ ನಡೆಯುತ್ತದೆಯೇ ನೋಡಬೇಕು. ಪೈಥಾನ್ ಎಂಬ ಭಾಷೆಯ ಎರಡನೆಯ ಆವೃತ್ತಿಯ ಕಾಲ ಮುಗಿದಾಗ, ಅದರಲ್ಲಿ ಬರೆದ ಎಷ್ಟೋ ವೈಜ್ಞಾನಿಕ ಪ್ರೋಗ್ರಾಮುಗಳನ್ನು ಹೊಸದಕ್ಕೆ ಬದಲಾಯಿಸುವವರು ಸಿಗದೆ ಭಂಡಾರದಿಂದ ತೆಗೆಯಬೇಕಾಯಿತು. ನೋಡಿಕೊಳ್ಳುವವರು ಇಲ್ಲದ ಪ್ಯಾಕೇಜಿಗೆ ಅಲ್ಲಿ ಇಟ್ಟಿರುವ ಹೆಸರು ‘ಅನಾಥ’. ಆ ಅನಾಥರ ಪಟ್ಟಿಯನ್ನು ಬಚ್ಚಿಡದೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ, ಯಾರಾದರೂ ಕೈಹಿಡಿಯಲಿ ಎಂದು. ಆ ಪಟ್ಟಿ ನೋಡಿದಾಗ ನಮಗೆ ನೆನಪಾದದ್ದು ಊರ ಕೆರೆ. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ. ವರ್ಷ ವರ್ಷ ಹೂಳೆತ್ತಿದವರ ಹೆಸರು ಎಲ್ಲೂ ಇಲ್ಲ. ಆದರೆ ನೀರು ನಿಂತದ್ದು ಹೂಳೆತ್ತಿದವರಿಂದಲೇ.

ನಮ್ಮ ಊರಿಗೂ ಇದಕ್ಕೂ ಸಿಡಿಯ ಆಚೆ ಏನು ಸಂಬಂಧ ಎಂದು ಕೇಳಬಹುದು. ಮಂಗನ ಕಾಯಿಲೆ ನಮ್ಮ ಕಡೆಯವರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದರಿಂದ ಲೋಕದ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ಆ ಕಾಡಿನದೇ ಹೆಸರು. ಆ ವೈರಸ್ಸಿನ ವಂಶವಾಹಿ ಸುಮಾರು 10,700 ಅಕ್ಷರಗಳ ಒಂದು ಸಾಲು. ಬೇರೆ ಬೇರೆ ವರ್ಷ, ಬೇರೆ ಬೇರೆ ಊರಿನಲ್ಲಿ ಸಿಕ್ಕ ವೈರಸ್ಸಿನ ಸಾಲುಗಳನ್ನು ವಿಜ್ಞಾನಿಗಳು ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಅವನ್ನು ಒಂದರ ಕೆಳಗೊಂದು ಜೋಡಿಸಿ ಎಲ್ಲೆಲ್ಲಿ ಬದಲಾಗಿದೆ ಎಂದು ನೋಡುವ ಮ್ಯಾಫ್ಟ್ ಎಂಬ ಪ್ರೋಗ್ರಾಮ್ ಡೆಬಿಯನ್ನಿನಲ್ಲಿದೆ. ಬದಲಾವಣೆ ನೋಡಿ ವಂಶವೃಕ್ಷ ಬರೆಯುವವೂ ಇವೆ. ಸೊರಬದಿಂದಲೋ ತೀರ್ಥಹಳ್ಳಿಯಿಂದಲೋ ಹೋಗಿ ಎಂಎಸ್‌ಸಿ ಓದುವ ಹುಡುಗಿಗೆ ಲಕ್ಷ ರೂಪಾಯಿಯ ತಂತ್ರಾಂಶದ ಲೈಸೆನ್ಸ್ ಬೇಕಾಗಿಲ್ಲ. ನಮ್ಮದರಂಥ ಹಳೆಯ ಲ್ಯಾಪ್‌ಟಾಪ್, ಒಂದು ಸಾಲು ಟೈಪಿಂಗ್ ಸಾಕು. ಉಳಿದದ್ದು ಅವಳ ತಲೆ.

2020ರ ಏಪ್ರಿಲ್‌ನಲ್ಲಿ ನಾವೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಡೆಬಿಯನ್ ಮೆಡ್ ತಂಡ ಒಂದು ವಾರ ಆನ್‌ಲೈನಿನಲ್ಲಿ ಸೇರಿ ಕೊರೊನಾ ಸಂಶೋಧನೆಗೆ ಬೇಕಾಗುವ ಪ್ರೋಗ್ರಾಮುಗಳನ್ನು ಪ್ಯಾಕೇಜ್ ಮಾಡುವ ಕೆಲಸಕ್ಕೆ ಕುಳಿತಿತ್ತು. ಅವರು ಲಸಿಕೆ ಕಂಡುಹಿಡಿಯಲಿಲ್ಲ. ಸಂಶೋಧಕರ ದಾರಿಯಲ್ಲಿದ್ದ ಕಲ್ಲು ಎತ್ತಿಟ್ಟರು. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲೇ ನಡೆಯಿತು. ನಮಗೆ ಆಗ ಗೊತ್ತೇ ಇರಲಿಲ್ಲ. ರಾತ್ರಿ ಬಸ್ಸು ಹತ್ತಿದ್ದರೆ ಬೆಳಗ್ಗೆ ಈ ‘ಯಾರು’ಗಳ ಮುಖ ನೋಡಬಹುದಿತ್ತು.

ಇಷ್ಟು ಓದಿದ ಮೇಲೆ ನಮ್ಮಲ್ಲೊಬ್ಬರಿಗೆ ಉತ್ಸಾಹ ಬಂತು. ಕಲಿಯಲೆಂದು ಒಂದು ಪುಟ್ಟ ಪ್ರೋಗ್ರಾಮನ್ನು ಪ್ಯಾಕೇಜ್ ಮಾಡಲು ಕುಳಿತೆವು. ಸಿಡಿಯಲ್ಲಿ ಯಾವ ಯಾವ ಸ್ಕ್ಯಾನ್ ಇದೆ ಎಂದು ಒಂದು ಪುಟದಲ್ಲಿ ಪಟ್ಟಿ ಮಾಡಿಕೊಡುವ, ಬೇರೆ ದೇಶದ ವಿದ್ಯಾರ್ಥಿಯೊಬ್ಬ ಬರೆದ ಪ್ರೋಗ್ರಾಮ್ ಅದು. ಲಿಂಟಿಯನ್ ಎಂಬ ತಪಾಸಣೆ ಯಂತ್ರಕ್ಕೆ ಕೊಟ್ಟಾಗ 17 ತಪ್ಪು ತೋರಿಸಿತು. ಪತ್ರಿಕೋದ್ಯಮದ ಮೊದಲ ವರ್ಷದ ವರದಿಯ ಮೇಲೆ ಮೇಡಂ ಹಾಕುತ್ತಿದ್ದ ಕೆಂಪು ಶಾಯಿಯೇ ಕಣ್ಣಮುಂದೆ ಬಂತು. ಹದಿನಾರನ್ನು ತಿದ್ದಿದೆವು. ಹದಿನೇಳನೆಯದು ನಮ್ಮ ಕೈಯಲ್ಲಿರಲಿಲ್ಲ, ಆ ಪ್ರೋಗ್ರಾಮಿಗೆ ಲೈಸೆನ್ಸೇ ಇರಲಿಲ್ಲ.

ಬರೆದವನಿಗೆ ಇಮೇಲ್ ಕಳಿಸಿದೆವು. ‘ನಿಮ್ಮ ಪ್ರೋಗ್ರಾಮ್ ಚೆನ್ನಾಗಿದೆ, ಇದನ್ನು ಎಲ್ಲರೂ ಬಳಸಬಹುದು ಎಂದು ದಯವಿಟ್ಟು ಒಂದು ಸಾಲು ಬರೆಯುತ್ತೀರಾ’ ಎಂದು. ಹತ್ತೊಂಬತ್ತು ದಿನ ಉತ್ತರವಿಲ್ಲ. ಇಪ್ಪತ್ತನೆಯ ದಿನ ಬಂತು. ‘ಅದನ್ನು ಯಾರಾದರೂ ಬಳಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಲೈಸೆನ್ಸ್ ಸೇರಿಸಿದ್ದೇನೆ.’ ಇಷ್ಟೇ. ನಮ್ಮ ಪ್ಯಾಕೇಜು ಇನ್ನೂ ಡೆಬಿಯನ್ನಿಗೆ ಹೋಗಿಲ್ಲ. ಕಲಿತವರೊಬ್ಬರು ನೋಡಿ, ಒಪ್ಪಿ, ತಮ್ಮ ಹೆಸರಿನ ಮೇಲೆ ಏರಿಸಬೇಕು. ಹೋಗದೆಯೂ ಇರಬಹುದು. ಆದರೆ ಆ ಒಂದು ಸಾಲು ಈಗ ಅಲ್ಲಿದೆ. ಅದನ್ನು ನಾಳೆ ನಮಗಿಂತ ಚೆನ್ನಾಗಿ ಮಾಡುವವರು ಬಂದರೆ ಅವರಿಗೆ ಇಪ್ಪತ್ತು ದಿನ ಕಾಯುವ ಪಾಡಿಲ್ಲ.

ನಾವು ಮಾಡಬಹುದಾದ ಇನ್ನೊಂದು ಕೆಲಸವೂ ಸಿಕ್ಕಿತು. ಡೆಬಿಯನ್ನಿನಲ್ಲಿ ಕನ್ನಡವೂ ಇದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಅಲ್ಲಿ ಪ್ಯಾಕೇಜಾಗಿ ಇವೆ. ಅಚ್ಚಾದ ಕನ್ನಡ ಪುಟದ ಚಿತ್ರ ಕೊಟ್ಟರೆ ಅಕ್ಷರವಾಗಿಸುವ ತಂತ್ರಾಂಶವೂ ಇದೆ. ಅದನ್ನೆಲ್ಲ ಯಾರೋ ತಂದಿಟ್ಟಿದ್ದಾರೆ, ನಾವು ಬಳಸುತ್ತಲೂ ಇದ್ದೆವು, ಕೇಳಿರಲಿಲ್ಲ ಅಷ್ಟೆ. ಪ್ರತಿ ಪ್ಯಾಕೇಜಿಗೂ ಅದು ಏನು ಮಾಡುತ್ತದೆ ಎಂಬ ಕಿರು ವಿವರಣೆ ಇರುತ್ತದೆ, ಅದನ್ನು ಅವರವರ ಭಾಷೆಗೆ ತರುವ ಏರ್ಪಾಡೂ ಇದೆ. ನಾವು ವೈದ್ಯಕೀಯದ ಕೆಲವನ್ನು ಕನ್ನಡಕ್ಕೆ ತರಲು ಶುರುಮಾಡಿದ್ದೇವೆ. ಒಬ್ಬರು ಬರೆಯುವುದು, ಇನ್ನಿಬ್ಬರು ಓದಿ ತಿದ್ದುವುದು. ‘ಡಿಪೆಂಡೆನ್ಸಿ’ಗೆ ಅವಲಂಬನೆ ಎನ್ನಬೇಕೋ ಆಸರೆ ಎನ್ನಬೇಕೋ ಎಂದು ಒಂದಿಡೀ ಸಂಜೆ ಜಗಳವಾಡಿದ್ದೇವೆ. ಕೋಡ್ ಬರೆಯಲು ಬಾರದವರಿಗೂ ಅಲ್ಲಿ ಕೆಲಸ ಇದೆ ಎಂಬುದು ನಮಗೆ ಸಮಾಧಾನದ ವಿಷಯ.

ಈಗ ಆ ಎರಡು ದಿನದ ಮಾತು. ಎರಡು ದಿನ ಮೂರಾಯಿತು. ಮೂರನೆಯ ದಿನ ಮಧ್ಯಾಹ್ನ ಡಾಕ್ಟರೇ ಫೋನ್ ಮಾಡಿದರು. ಸ್ಪೀಕರ್ ಹಾಕಿ ಜಗುಲಿಯ ಮೇಲೆ ಇಟ್ಟೆವು. ಹಳೆಯ ಸ್ಕ್ಯಾನಿನಲ್ಲೂ ಗಂಟು ಇತ್ತು. ಅದೇ ಜಾಗ, ಅದೇ ಅಳತೆ. ಪಕ್ಕೆಲುಬು ನೋಡುವ ಅವಸರದಲ್ಲಿ ಆಗ ಅದರ ಸುದ್ದಿ ಎತ್ತಿರಲಿಲ್ಲ. “ಮೂರು ವರ್ಷದಲ್ಲಿ ಕೂದಲೆಳೆಯಷ್ಟೂ ಬೆಳೆದಿಲ್ಲ ಯಜಮಾನ್ರೇ. ಸೂಜಿ ಬೇಡ. ಕೆಮ್ಮಿಗೆ ಬೇರೆ ಔಷಧಿ ಕೊಡ್ತೀನಿ. ಬೀಡಿ ಮಾತ್ರ ಬಿಡ್ಬೇಕು” ಎಂದರು.

ದೊಡ್ಡಮ್ಮ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು. ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೊಟ್ಟಿಗೆಗೆ ಹೋಗಿ ಸೂರಿನಿಂದ ಬೀಡಿ ಕಟ್ಟು ತೆಗೆದು ಒಲೆಗೆ ಹಾಕಿದರು. ಎಷ್ಟು ದಿನ ನಿಲ್ಲುತ್ತದೋ ನೋಡೋಣ.

ಓದುವ ನಿಮಗೆ ಒಂದೆರಡು ಮಾತು. ಸ್ಕ್ಯಾನ್ ಮಾಡಿಸಿದಾಗ ಫಿಲ್ಮಿನ ಜೊತೆ ಸಿಡಿಯನ್ನೋ ಪೆನ್‌ಡ್ರೈವಿನಲ್ಲಿ ಪ್ರತಿಯನ್ನೋ ಕೇಳಿ ಪಡೆಯಿರಿ. ಸಿಡಿಗೂ ಆಯುಸ್ಸಿದೆ, ಅದರಲ್ಲಿರುವ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಡಿ. ‘ತೆರೆಯುತ್ತಿಲ್ಲ’ ಎಂದ ಕೂಡಲೇ ಎಸೆಯಬೇಡಿ. ಫೈಲಿನೊಳಗೆ ನಿಮ್ಮ ಹೆಸರು, ವಯಸ್ಸು ಇರುತ್ತದೆ, ಹಾಗಾಗಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಚಿತ್ರ ತೆರೆದ ಮಾತ್ರಕ್ಕೆ ಓದಲು ಬಂತು ಎಂದುಕೊಳ್ಳಬೇಡಿ, ಡಾಕ್ಟರಿಗೇ ಕೊಡಿ.

ದೊಡ್ಡಪ್ಪನ ಪ್ರಶ್ನೆಗೆ ನಾವು ಹುಡುಕಿದ ಉತ್ತರವನ್ನು ಅವರಿಗೆ ಓದಿ ಹೇಳಿದೆವು. ಚೇಂಜ್‌ಲಾಗಿನಲ್ಲಿದ್ದ ಹೆಸರುಗಳನ್ನೂ ಒಂದೊಂದಾಗಿ ಓದಿದೆವು. ನಮ್ಮ ಉಚ್ಚಾರಣೆಯಲ್ಲಿ ಅರ್ಧ ತಪ್ಪಿರಬಹುದು. ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ. “ಅವರ ಊರು ಕಡೆ ಯಾರಾದ್ರೂ ಹೋದ್ರೆ ಹೇಳ್ರೋ. ಒಂದು ಕೆಜಿ ರಾಶಿ ಅಡಿಕೆ ಕಟ್ಟಿ ಕೊಡ್ತೀನಿ.”